ಆಮದನಿಯ ಕಾಲಮಿನಲ್ಲೊಂದು ಗೋಡೆ ಗಡಿಯಾರ

ಮೊಮ್ಮಗಳು ಸುಮಾ ಆದಾಯ ತೆರಿಗೆ ಇಲಾಖೆಯ ಪರೀಕ್ಷೆ ಪಾಸು ಮಾಡಿದಳು. ಕೆಲಸದ ಆರ್ಡರು ಬಂದ ದಿನ ಅದನ್ನು ದೇವರ ಮುಂದಿಟ್ಟು, ನೇರ ಅಡುಗೆಮನೆಗೆ ಹೋಗಿ ನನಗೆ ಚಹಾ ಮಾಡಿ ತಂದಳು. ನಮ್ಮ ಮನೆಯಲ್ಲಿ ಕೇಳದೆ ಚಹಾ ಬಂತೆಂದರೆ ಏನೋ ಕೆಲಸವಿದೆ ಎಂದು ಅರ್ಥ. ಕಪ್ಪಿನ ಹಿಂದೆಯೇ ಒಂದು ಹೊಸ ನೋಟ್‌ಬುಕ್ಕೂ ಬಂತು.

"ಅಜ್ಜಾ, ನೀವು ಮಾಡಿದ ಕೆಲಸಾನೇ ನಾ ಮಾಡಾಕ ಹೊಂಟೀನಿ. ಹ್ಯಾಂಗಿತ್ತು ಅಂತ ಇದರಾಗ ಬರೀರಿ. ನನ್ನ ಜೊತಿ ಸೇರೋರೂ ಓದ್ತಾರ."

"ಏನ್ ಬರೀಲಿ? ಯಾವಾಗ ಬಡ್ತಿ ಸಿಕ್ತು, ಎಲ್ಲೆಲ್ಲಿ ವರ್ಗ ಆಯ್ತು, ಅದೇನು?"

"ಅದೆಲ್ಲ ಬ್ಯಾಡ್ರಿ. ಎಲ್ಲೆಲ್ಲಿ ತಪ್ಪು ಮಾಡೀರಿ, ಅದು ಬರೀರಿ."

ಹುಡುಗಿ ಜಾಣೆ. ನನ್ನ ಬಡ್ತಿಯ ಸಂಗತಿ ಬರೆದರೆ ಅರ್ಧ ಪುಟ ಸಾಕು, ತಪ್ಪುಗಳಿಗೆ ಈ ನೋಟ್‌ಬುಕ್ ಸಾಲುತ್ತದೋ ಇಲ್ಲವೋ. ಆದ್ದರಿಂದ ಮೂರು ತಪ್ಪುಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಒಂದು ಬೇರೆಯವರದು, ಎರಡು ನನ್ನವು. ಕೊನೆಯದೇ ದೊಡ್ಡದು.

ನಾನು ಹುಟ್ಟಿದ್ದು ಬಸವಕಲ್ಯಾಣದಲ್ಲಿ. ಆಗ ಅದಕ್ಕೆ ಕಲ್ಯಾಣಿ ಎಂದು ಹೆಸರು. ಮೂವತ್ತರ ದಶಕದ ಕೊನೆಯಲ್ಲಿ ಹುಮನಾಬಾದಿನ ಕಚೇರಿಗೆ ನಕಲು ಬರೆಯುವ ಗುಮಾಸ್ತನಾಗಿ ಸೇರಿದೆ. ನಿಜಾಮರ ರಾಜ್ಯ, ಕಚೇರಿಯ ಭಾಷೆ ಉರ್ದು. ಕಟ್ಟೆಯ ಮೇಲೆ ಕಾಯುತ್ತ ಕೂತ ಜನ ಕನ್ನಡ ಆಡುತ್ತಿದ್ದರು, ಇಲ್ಲವೇ ಮರಾಠಿ. ಬಾಗಿಲ ಹೊಸ್ತಿಲು ದಾಟಿದರೆ ಎಲ್ಲವೂ ಬಲದಿಂದ ಎಡಕ್ಕೆ. ನನ್ನಂಥವರು ಹೊಸ್ತಿಲ ಮೇಲೆ ಕೂತು ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡುತ್ತಿದ್ದೆವು. ಶುಕ್ರವಾರ ರಜೆ. ಗುರುವಾರ ಸಂಜೆ ಮೋಟಾರು ಹಿಡಿದು ಕಲ್ಯಾಣಿಗೆ ಹೋಗಿ ಅವ್ವನನ್ನೂ ಹೆಂಡತಿಯನ್ನೂ ನೋಡಿಕೊಂಡು ಶನಿವಾರ ಬೆಳಿಗ್ಗೆ ಮರಳುತ್ತಿದ್ದೆ.

ಮಹಾಯುದ್ಧ ಮುಗಿದ ಮೇಲೆ ನಮ್ಮ ರಾಜ್ಯದಲ್ಲಿಯೂ ಆಮದನಿಯ ಮೇಲೆ ತೆರಿಗೆ ಬಂತು. ಆಮದನಿ ಎಂದರೆ ಆದಾಯ. ಉರ್ದು ಬರೆಯಬಲ್ಲ, ಕನ್ನಡದಲ್ಲಿ ಜನರ ಜೊತೆ ಮಾತಾಡಬಲ್ಲ ಗುಮಾಸ್ತರು ಬೇಕೆಂದು ನನ್ನನ್ನು ಆ ಕೆಲಸಕ್ಕೆ ಹಾಕಿದರು. ನೌಕರಿ ಹಂಗಾಮಿ. ಸರಿಯಾಗಿ ಮಾಡಿದರೆ ಕಾಯಂ, ಇಲ್ಲವಾದರೆ ಮನೆ.

ನಮ್ಮ ಜನಕ್ಕೆ ಭೂಮಿಯ ಪಟ್ಟಿ, ಎಂದರೆ ಕಂದಾಯ, ಗೊತ್ತಿತ್ತು, ಆಮದನಿಯ ತೆರಿಗೆ ಗೊತ್ತಿರಲಿಲ್ಲ. ಹುಲಸೂರಿನ ಕಿರಾಣಿ ಅಂಗಡಿಯವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದರು. "ಭೂಮಿ ಮ್ಯಾಲ ಪಟ್ಟಿ ಹಾಕಿದ್ರ ಭೂಮಿ ಅಲ್ಲೇ ಇರ್ತದ, ಒಪ್ಪಿದೆ. ಆಮದನಿ ಎಲ್ಲಿ ಇರ್ತದ್ರಿ? ಬಂದ ದಿನಾನೇ ಎದ್ದು ಹೋಗಿರ್ತದ. ಇಲ್ಲದ್ದರ ಮ್ಯಾಲ ಹ್ಯಾಂಗ ಹಾಕ್ತೀರಿ?"

ನಮ್ಮ ಮೇಲಧಿಕಾರಿ ಮುನೀರ್ ಸಾಹೇಬರು. ಹೈದರಾಬಾದಿನವರು, ತೆಳ್ಳಗಿನ ಮನುಷ್ಯ, ಶೇರವಾನಿಯ ಗುಂಡಿ ಎಂಥ ಬೇಸಿಗೆಯಲ್ಲೂ ಬಿಚ್ಚಿದವರಲ್ಲ. ಅವರು ಯಾರನ್ನೂ ಬೈಯುತ್ತಿರಲಿಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸಿ ಮುಗಿಸುವುದರೊಳಗೆ ಎದುರಿಗಿದ್ದವನು ತನ್ನ ತಪ್ಪನ್ನು ತಾನೇ ಹೇಳಿಬಿಡುತ್ತಿದ್ದ. ನಾನು ಮುಂದೆ ಹಲವು ಅಧಿಕಾರಿಗಳ ಕೈಕೆಳಗೆ ದುಡಿದೆ, ಕೂಗಾಡುವವರನ್ನೂ ಕಂಡೆ. ಆ ಕನ್ನಡಕಕ್ಕೆ ಹೆದರಿದಷ್ಟು ಯಾರಿಗೂ ಹೆದರಲಿಲ್ಲ.

ಮೊದಲ ತಪ್ಪು, ಬೇರೆಯವರದು. ಕಲ್ಯಾಣಿಯ ಒಬ್ಬ ಬಟ್ಟೆ ವ್ಯಾಪಾರಿ ತಾನು ಕಡುಬಡವ ಎಂದು ಹೇಳಿಕೊಳ್ಳಲು ಮನೆಯಾಳಿನ ಹರಕು ಅಂಗಿ ತೊಟ್ಟುಕೊಂಡು ಬಂದಿದ್ದ. ಕಾಲಲ್ಲಿ ಚಪ್ಪಲಿಯೂ ಇಲ್ಲ. ಊಟಕ್ಕೂ ಕಷ್ಟ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಮುನೀರ್ ಸಾಹೇಬರು ಎಲ್ಲ ಕೇಳಿ, ಬಹಳ ವಿನಯದಿಂದ, "ಟೈಮ್ ಎಷ್ಟಾಯಿತು, ಸೇಠಜಿ?" ಎಂದರು. ಅವನು ಅಭ್ಯಾಸಬಲದಿಂದ ಹರಕು ತೋಳು ಸರಿಸಿದ. ಒಳಗೆ ಬಂಗಾರದ ಕೈಗಡಿಯಾರ ಫಳಫಳ ಹೊಳೆಯಿತು. ಸಾಹೇಬರು ನಗಲಿಲ್ಲ. "ಶುಕ್ರಿಯಾ" ಎಂದು ಬರೆದುಕೊಂಡರು. ನಾನು ಹೊರಗೆ ಓಡಿ ಬೇವಿನ ಮರದ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಎರಡನೆಯದು ನನ್ನದು. ಹೊರಗಿನಿಂದ ದುಡ್ಡು ತಂದು ಹೊಸದಾಗಿ ನೆಲೆಸಿದವರ ಪಟ್ಟಿ ಮಾಡಬೇಕೆಂದು ಹುಕುಂ ಬಂತು. ಹೊರಗೆ ಎಂದರೆ ಬಹಳ ದೂರವೇನಲ್ಲ, ಸೋಲಾಪುರವೂ ನಮಗೆ ಪರರಾಜ್ಯ. ರೂಪಾಯಿ ಕೂಡ ಬೇರೆ, ಅಲ್ಲಿಯದು ಕಲ್ದಾರ, ಇಲ್ಲಿಯದು ಹಾಲಿ. ಅಂಥವರು ಬಂದ ತಾರೀಖು ಬಹಳ ಮುಖ್ಯ. ಬರುವುದಕ್ಕೆ ಮೊದಲು ಪರಸ್ಥಳದಲ್ಲಿ ಗಳಿಸಿ ಕೂಡಿಟ್ಟದ್ದು ಅವರ ಗಂಟು, ಅದನ್ನು ನಾವು ಮುಟ್ಟುವ ಹಾಗಿಲ್ಲ. ಬಂದ ಮೇಲೆ ಗಳಿಸಿದ್ದು ಆಮದನಿ, ಅದಕ್ಕೆ ತೆರಿಗೆ. ಗಂಟು ಬಡ್ಡಿ ತಂದರೆ ಆ ಬಡ್ಡಿಯೂ ಆಮದನಿ. ಮುನೀರ್ ಸಾಹೇಬರು ನಮಗೆ ಇದನ್ನು ಒಂದೇ ಮಾತಿನಲ್ಲಿ ಕಲಿಸಿದ್ದರು. "ಹೊತ್ತು ತಂದ ಬೀಜ ಬೇರೆ, ಇಲ್ಲಿ ಬೆಳೆದ ಪೈರು ಬೇರೆ. ನಮ್ಮ ಕೆಲಸ ಪೈರಿನದು."

ಮುಂಬಯಿಯಿಂದ ಮರಳಿದ ಒಬ್ಬರ ಕಾಗದದಲ್ಲಿ ಅವರು ಬಂದ ವರ್ಷವನ್ನು ನಾನು ಇಂಗ್ಲಿಷ್ ಲೆಕ್ಕದಲ್ಲಿ ಬರೆದೆ. ಕಾಲಮಿನ ಮೇಲಿದ್ದದ್ದು ಫಸಲಿ ವರ್ಷ, ನಿಜಾಮರ ಸರ್ಕಾರದ ಲೆಕ್ಕ, ಇಂಗ್ಲಿಷಿನದಕ್ಕಿಂತ ಸುಮಾರು ಐನೂರ ತೊಂಬತ್ತು ಹಿಂದೆ. ಸಾಹೇಬರು ಕನ್ನಡಕ ತೆಗೆದರು. "ವೈಜಿನಾಥ, ನಿನ್ನ ಕಾಗದದ ಪ್ರಕಾರ ಈ ಮನುಷ್ಯ ಇನ್ನೂ ಬಂದಿಲ್ಲ. ಆರುನೂರು ವರ್ಷದ ಹತ್ತಿರ ಕಾಯಬೇಕು. ನೀನು ಕಾಯುತ್ತೀಯೋ, ನಾನು ಕಾಯಲೋ?" ಇಡೀ ಕಚೇರಿ ತಿಂಗಳುಗಟ್ಟಲೆ ನನ್ನನ್ನು ಕಂಡಾಗಲೆಲ್ಲ "ಬಂದರೇನ್ರಿ ಅವರು?" ಎಂದು ಕೇಳುತ್ತಿತ್ತು.

ಇನ್ನು ಮೂರನೆಯದು.

ರಾಜೇಶ್ವರಕ್ಕೆ ಆಫ್ರಿಕಾದಿಂದ ಒಬ್ಬ ಹೆಂಗಸು ಟ್ರಂಕಿನ ತುಂಬ ಬಂಗಾರ ತಂದಿದ್ದಾಳೆ ಎಂದು ಒಂದು ಮೂಗರ್ಜಿ ಬಂತು. ಟ್ರಂಕು ಇಳಿಸಲು ನಾಲ್ವರು ಬೇಕಾದರಂತೆ, ಗಾಡಿಯವನನ್ನು ದಾರಿಯುದ್ದಕ್ಕೂ ಬೈದಳಂತೆ, ಬಂದ ತಿಂಗಳಲ್ಲೇ ರಸ್ತೆಯ ಪಕ್ಕ ಜಾಗ ಕೊಂಡು ಬಂಗಲೆ ಏಳಿಸುತ್ತಿದ್ದಾಳಂತೆ. ಹೋಗಿ ವಿಚಾರಿಸಿ ಹೇಳಿಕೆ ಬರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ರಾಜೇಶ್ವರ ಹುಮನಾಬಾದಿಗೂ ಕಲ್ಯಾಣಿಗೂ ನಡುವೆ, ದೊಡ್ಡ ರಸ್ತೆಯ ಮೇಲೆ. ಬಂಗಲೆ ಎಂದದ್ದು ಎರಡು ಕೋಣೆ. ಗೋಡೆ ಎದ್ದಿದ್ದವು, ಮೇಲೆ ಆಕಾಶ. ಗೋಡೆಯಲ್ಲಿ ಕಿಟಕಿಗಾಗಿ ಬಿಟ್ಟ ಜಾಗ ಬಾಗಿಲಿನಷ್ಟು ದೊಡ್ಡದು. ನೆರಳಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆ ಕಟ್ಟುವ ಗೌಂಡಿಯ ಜೊತೆ ಜಗಳ ಆಡುತ್ತಿದ್ದಳು.

"ಬಾಣಂತಿ ಕ್ವಾಣಿಗಿ ಇಷ್ಟ ದೊಡ್ಡ ಕಿಡಕಿ ಯಾಕ್ರಿ ಬಾಯಿ? ಗಾಳಿ ಬಡೀತದ," ಎನ್ನುತ್ತಿದ್ದ ಗೌಂಡಿ.

"ಗಾಳಿ ಬಡೀಲಿ ಅಂತೇ ಇಡಸಾಕತ್ತೀನಿ. ನೀ ಹುಟ್ಟಿದಾಗ ಕತ್ತಲಾಗ ಇಟ್ಟಾರ, ಅದಕ್ಕೇ ಹಿಂಗ ಆಗೀದಿ."

ಇವರೇ ತುಳಜಾಬಾಯಿ. ಇವರ ತಂದೆ ರಾಜೇಶ್ವರದ ಗೌಂಡಿ. ಕೆಲಸ ಹುಡುಕುತ್ತ ಸೋಲಾಪುರ, ಅಲ್ಲಿಂದ ಮುಂಬಯಿ, ಅಲ್ಲಿಂದ ಹಡಗು ಹತ್ತಿ ಮೊಂಬಾಸಾ ಸೇರಿದರು. ತುಳಜಾಬಾಯಿ ಹುಟ್ಟಿದ್ದು ಬೆಳೆದದ್ದು ಅಲ್ಲೇ. ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷ ಸೂಲಗಿತ್ತಿ ನರ್ಸಾಗಿ ದುಡಿದು, ತಾಯಿ ತೀರಿಹೋದ ಮೇಲೆ ತಾಯಿಯ ಬಾಯಲ್ಲಿ ಮಾತ್ರ ಕೇಳಿದ್ದ ಈ ಊರಿಗೆ ಬಂದುಬಿಟ್ಟಿದ್ದರು. ಎರಡು ಕೋಣೆಯ ಹೆರಿಗೆ ಮನೆ ಕಟ್ಟಬೇಕು, ಹುಮನಾಬಾದಿನ ಕಡೆಯಿಂದಲೂ ಕಲ್ಯಾಣಿಯ ಕಡೆಯಿಂದಲೂ ಗಾಡಿಯಲ್ಲಿ ಬರುವಂತಿರಬೇಕು ಎಂಬುದೊಂದೇ ಆಸೆ. ಮೇಲ್ಛಾವಣಿಯ ತಗಡನ್ನು ಸೋಲಾಪುರದಲ್ಲಿ ಗೊತ್ತು ಮಾಡಿ ಆಗಿತ್ತು, ಅರ್ಧ ಹಣ ಮುಂಗಡ ಹೋಗಿತ್ತು. ಮಳೆಗಾಲದೊಳಗೆ ತಗಡು ಬೀಳದಿದ್ದರೆ ಮಣ್ಣು ಮೆತ್ತಿದ ಗೋಡೆ ನಿಲ್ಲುವುದಿಲ್ಲ.

ಕನ್ನಡ ಅವರಿಗೆ ತಾಯಿಯ ಕನ್ನಡ, ನಡುನಡುವೆ ಮೊಂಬಾಸಾದ ಮಾತು. ಗಾಡಿಯವನನ್ನು ಬೈದದ್ದು ಏನೆಂದೂ ತಿಳಿಯಿತು. ಟ್ರಂಕಿನೊಳಗೆ ಗಾಜಿನ ಬಾಟಲಿಗಳಿದ್ದವು, ಮೆಲ್ಲಗೆ ಹೊಡಿ ಎಂದು ಅಲ್ಲಿಯ ಮಾತಿನಲ್ಲಿ "ಪೋಲೆ ಪೋಲೆ" ಎಂದಿದ್ದರು. ಅವನು ತನ್ನನ್ನೇ ಪೋಲಿ ಎಂದರೆಂದು ತಿಳಿದು ಇನ್ನೂ ಜೋರಾಗಿ ಹೊಡೆದಿದ್ದ. "ಎರಡು ಬಾಟ್ಲಿ ಒಡದ, ಪೋಲಿ!" ಎಂದರು ತುಳಜಾಬಾಯಿ. ಈ ಸಲ ನಮ್ಮ ಕನ್ನಡದ ಪೋಲಿಯೇ.

ನಾನು ಕಲ್ಲಿನ ಮೇಲೆ ಕೂತು ಕಚ್ಚಾ ಕಾಗದ ತೆಗೆದೆ. ಕಚ್ಚಾ ಬರೆಯುವುದು ಕನ್ನಡದಲ್ಲಿ, ಕಚೇರಿಗೆ ಹೋಗಿ ಅದರ ಮೇಲಿಂದ ಉರ್ದುವಿನಲ್ಲಿ ಪಕ್ಕಾ. "ನಿಮ್ಮ ಆಮದನಿ ಎಷ್ಟ್ರೀ, ಅಕ್ಕಾರ?" ಎಂದೆ.

ಅವರು ಹುಬ್ಬು ಗಂಟಿಕ್ಕಿದರು. "ಆಮದನಿ ಅಂದ್ರ? ಆಮದು ಆದದ್ದೇನು? ಏನ್ ಬಂದದ ಅಂತ ಕೇಳಾಕತ್ತೀಯೇನ್ ತಮ್ಮಾ?"

ಮೊಂಬಾಸಾ ಎಂದರೆ ಬಂದರು ಪಟ್ಟಣ. ಅಲ್ಲಿ ಹುಟ್ಟಿದವರಿಗೆ ಆಮದು ಎಂದರೆ ಹಡಗಿನಿಂದ ಇಳಿದದ್ದು. ನಾನು ಅದನ್ನು ಯೋಚಿಸಲಿಲ್ಲ. ನಮ್ಮ ಕಡೆ ಸಂಬಳ ಎಷ್ಟೆಂದು ಕೇಳುವಾಗಲೂ "ಏನ್ ಬರ್ತದ?" ಎನ್ನುತ್ತೇವಲ್ಲ. ಬರ್ತದ ಬೇರೆ, ಬಂದದ ಬೇರೆ ಎಂಬುದು ಆ ಬಿಸಿಲಿನಲ್ಲಿ ನನ್ನ ತಲೆಗೆ ಹೋಗಲಿಲ್ಲ. "ಹೌದ್ರಿ, ಅದೇ. ಏನೇನ್ ಬಂದದ ಎಲ್ಲಾ ಹೇಳ್ರಿ," ಎಂದೆ.

ಅವರು ಬೆರಳು ಮಡಚುತ್ತ ಹೇಳತೊಡಗಿದರು. ಟ್ರಂಕು ಎರಡು, ಗೋಡೆ ಗಡಿಯಾರ ಒಂದು, ಹೊಲಿಗೆ ಯಂತ್ರ ಒಂದು, ಕೊಡೆ ಒಂದು, ಇಷ್ಟು ರೂಪಾಯಿ, ತಾಯಿಯ ಬೆಳ್ಳಿ ಡಾಬು ಒಂದು. ನಾನು ಎಲ್ಲವನ್ನೂ ಬರೆದುಕೊಂಡೆ. ಆಫ್ರಿಕಾದವರು ಬಹಳ ಮಾತಾಡುತ್ತಾರೆ ಎಂದುಕೊಂಡೆ.

ಮುಗಿದ ಮೇಲೆ ಅವರ ಸರದಿ. "ನಿಂಗೆಷ್ಟು ಮಕ್ಕಳು?" ಎಂದರು. ಹೋದ ವರ್ಷ ಒಂದು ಕೂಸು ಹುಟ್ಟಿ ಉಳಿಯಲಿಲ್ಲ, ಈಗ ಮತ್ತೆ ನಾಲ್ಕು ತಿಂಗಳು ಎಂದೆ. ಅವರ ಮುಖ ಬದಲಾಯಿತು. ನನ್ನ ಕಾಗದ ತಿರುವಿ ಹಾಕಿ, "ಬರ್ಕೋ" ಎಂದರು. ಅವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನುಗ್ಗೆಸೊಪ್ಪು ತಿನ್ನಬೇಕು, ನೀರಿನ ಕೊಡ ಹೊರಬಾರದು, ಕಾಲು ಬಾತರೆ ಅದೇ ದಿನ ಕರೆದುಕೊಂಡು ಬರಬೇಕು, ತಿಂಗಳು ತಿಂಗಳಿಗೆ ಏನೇನು ಎಂದು ಅರ್ಧ ಗಂಟೆ ಹೇಳಿದರು. ವಿಧೇಯ ಗುಮಾಸ್ತನಂತೆ ಬರೆದುಕೊಂಡೆ.

ಕಚೇರಿಗೆ ಮರಳಿ ಪಕ್ಕಾ ಬರೆಯುವಾಗ ಸರ್ಕಾರಿ ಕಾಗದದಲ್ಲಿ ಕೊಡೆ, ಗಡಿಯಾರ ಯಾಕೆ ಎನಿಸಿತು. ಅವನ್ನೆಲ್ಲ ಬಿಟ್ಟು, ಆಮದನಿಯ ಕಾಲಮಿನಲ್ಲಿ ರೂಪಾಯಿಯ ಮೊತ್ತವನ್ನಷ್ಟೇ ದುಂಡಗೆ ಬರೆದೆ. ಸುಣ್ಣ ಕೊಳ್ಳಲು ಹುಮನಾಬಾದಿಗೆ ಬಂದ ತುಳಜಾಬಾಯಿ ನನ್ನ ಮೇಲಿನ ನಂಬಿಕೆಯಿಂದ ಓದಲು ಬಾರದ ಉರ್ದುವಿನ ಕೆಳಗೆ ಇಂಗ್ಲಿಷಿನಲ್ಲಿ ಸಹಿ ಹಾಕಿ ಹೋದರು. ಕಚ್ಚಾ ಕಾಗದವನ್ನು ಗುರುವಾರ ಮನೆಗೆ ಒಯ್ದು ಹೆಂಡತಿಗೆ ಕೊಟ್ಟೆ. ಅದು ನಮ್ಮ ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಉಪ್ಪಿನ ಗಡಿಗೆಯ ಪಕ್ಕ ಕೂತಿತು.

ತಿಂಗಳ ಮೇಲೆ ತುಳಜಾಬಾಯಿ ಕಚೇರಿಗೆ ಬಂದರು. ಕೈಯಲ್ಲಿ ನೋಟೀಸು.

"ಏ ತಮ್ಮಾ, ಇದೇನೋ ಓದಿ ಹೇಳು. ಬ್ಯಾಂಕಿನವ್ರು ದುಡ್ಡು ಕೊಡವಲ್ಲರು. ಸೋಲಾಪುರದವ ತಗಡು ಬ್ಯಾರೆಯವ್ರಿಗಿ ಮಾರ್ತೀನಿ ಅಂತಾನ."

ಓದಿದೆ. ಇಪ್ಪತ್ತೈದು ವರ್ಷದ ಉಳಿತಾಯವನ್ನೆಲ್ಲ ಒಂದೇ ವರ್ಷದ ಆಮದನಿ ಎಂದು ಹಿಡಿದು, ಶ್ರೀಮಂತರ ದರದಲ್ಲಿ ತೆರಿಗೆ ಹಾಕಿದ್ದರು. ತೀರ್ಮಾನವಾಗುವವರೆಗೆ ಹಣ ಮುಟ್ಟುವ ಹಾಗಿಲ್ಲ. ಮೇಲಿನವರು ಏನೋ ಗಡಿಬಿಡಿ ಮಾಡಿದ್ದಾರೆ ಎಂದು ಧೈರ್ಯವಾಗಿ ಫೈಲು ತೆಗೆದೆ. ನನ್ನದೇ ಅಕ್ಷರ. ದುಂಡಗೆ, ಚಂದಗೆ. ಫೈಲು ಮುಚ್ಚಿಟ್ಟೆ.

"ಅಕ್ಕಾರ, ಇದು ನಂದೇ ತಪ್ಪು," ಎಂದು ಹೇಳಬೇಕಿತ್ತು. ಹೇಳಲಿಲ್ಲ. "ನೋಡ್ತೀನ್ರಿ" ಎಂದೆ. ಸುಮಾ, ಈ ಮಾತನ್ನು ನೀನೂ ನಿನ್ನ ಜೊತೆಯವರೂ ಎಷ್ಟೋ ಸಲ ಹೇಳುತ್ತೀರಿ. ಅದನ್ನು ಹೇಳಿದ ನಾಚಿಕೆ ನನಗೆ ಇಂದಿಗೂ ಇದೆ.

ಹಿರಿಯ ಗುಮಾಸ್ತ ಮಾಣಿಕರಾವ್ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡರು. ಒಳ್ಳೆಯ ಮನುಷ್ಯ, ಆದರೆ ಕಚೇರಿಯಲ್ಲೇ ತಲೆ ಬೆಳ್ಳಗಾದವರು. "ಸುಮ್ನಿರಪಾ. ಸಹಿ ಆಕೀದು ಅದ. ನಿಂದು ಹಂಗಾಮಿ ನೌಕರಿ, ಮುಂದಿನ ತಿಂಗಳ ಕಾಯಂ ಮಾಡೋರಿದ್ದಾರ. ಆಕಿ ತಕರಾರು ಅರ್ಜಿ ಕೊಡ್ಲಿ, ಆಸ್ಪತ್ರಿ ಕಾಗದ ತೋರಿಸ್ಲಿ. ಆದ್ರ ಆಯ್ತು."

ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಅಷ್ಟಾದರೂ ಮಾಡಿದೆ. ವಿಚಾರಣೆ ಕಲ್ಯಾಣಿಯಲ್ಲಿ ಎಂದು ಗೊತ್ತಾಯಿತು. ಮುನೀರ್ ಸಾಹೇಬರು ಪ್ರವಾಸ ಬಂದಾಗ ಕೋಟೆಯ ಹತ್ತಿರದ ಒಂದು ಕಟ್ಟಡದಲ್ಲಿ ಕೂರುತ್ತಿದ್ದರು. ನಮ್ಮ ಮನೆ ಅಲ್ಲಿಂದ ಕೂಗಳತೆ. ಅಷ್ಟರಲ್ಲಿ ಪಶ್ಚಿಮದ ಕಡೆ ಮೋಡ ಕಟ್ಟಲು ಸುರುವಾಗಿತ್ತು.

ತುಳಜಾಬಾಯಿ ಆಸ್ಪತ್ರೆಯ ಸರ್ಟಿಫಿಕೇಟು, ಅಲ್ಲಿಯ ಪೋಸ್ಟಾಫೀಸಿನ ಉಳಿತಾಯದ ಪುಸ್ತಕ ತಂದಿದ್ದರು. ಸಾಹೇಬರು ಎಲ್ಲವನ್ನೂ ನಿಧಾನವಾಗಿ ನೋಡಿದರು. ಆಮೇಲೆ ಹೇಳಿಕೆಯ ಕಾಗದ ಎತ್ತಿ ಹಿಡಿದು ಉರ್ದುವಿನಲ್ಲಿ ಕೇಳಿದರು. "ಬಾಯಿಯವರೇ, ಈ ಕಾಗದಗಳು ಇದು ಹಳೆಯ ಉಳಿತಾಯ ಎನ್ನುತ್ತವೆ. ನಿಮ್ಮ ಸಹಿ ಇರುವ ಹೇಳಿಕೆ ಇದು ಆಮದನಿ ಎನ್ನುತ್ತದೆ. ನಾನು ಯಾವುದನ್ನು ನಂಬಲಿ? ನಿಮ್ಮ ಆಮದನಿ ಎಷ್ಟು, ಈಗ ಹೇಳಿ."

ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಆಮದನಿ ಎಂಬ ಮಾತನ್ನು ತಿರುಗಿಸಲಿಲ್ಲ, ಹೆದರಿಕೆಯಲ್ಲಿ ಹಾಗೇ ಬಿಟ್ಟೆ.

ತುಳಜಾಬಾಯಿ ಬೇಸರದಿಂದ ಬೆರಳು ಮಡಚಿದರು. "ಎಷ್ಟ್ ಸಲ ಹೇಳ್ಬೇಕ್ರಿ? ಟ್ರಂಕು ಎರಡು, ಗ್ವಾಡಿ ಗಡಿಯಾರ ಒಂದು, ಹೊಲಿಗಿ ಮಷೀನ ಒಂದು, ಕೊಡಿ ಒಂದು..."

"ಕೊಡೆ?" ಎಂದರು ಸಾಹೇಬರು.

"ಹೌದ್ರಿ, ಕರೀದು."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ಕಾಗದವನ್ನು ಮತ್ತೆ ಮತ್ತೆ ನೋಡಿದರು. "ಗಡಿಯಾರ, ಕೊಡೆ ಇದರಲ್ಲಿ ಇಲ್ಲವಲ್ಲ. ಆಗ ಯಾಕೆ ಬರೆಸಲಿಲ್ಲ?"

"ಬರೆಸೀನ್ರಿ! ಎಲ್ಲಾ ಬರೆಸೀನಿ. ಈ ತಮ್ಮಾನೇ ಬರ್ಕೊಂಡಾನ, ಕೇಳ್ರಿ ಬೇಕಾದ್ರ."

ಸಾಹೇಬರು ನನ್ನತ್ತ ತಿರುಗಿ ಕನ್ನಡಕ ತೆಗೆದರು. ಸಾಹೇಬರ ಜೊತೆ ಪ್ರವಾಸ ಬಂದಿದ್ದ ಮಾಣಿಕರಾವ್ ನೆಲ ನೋಡುತ್ತಿದ್ದರು. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೌಕರಿ ಉಳಿಯುತ್ತಿತ್ತು, ತಗಡು ಹೋಗುತ್ತಿತ್ತು. ತುಳಜಾಬಾಯಿಯವರ ಮುಖದಲ್ಲಿ ನನ್ನ ಬಗ್ಗೆ ಒಂದಿಷ್ಟೂ ಸಂಶಯವಿರಲಿಲ್ಲ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಹುಜೂರ್, ಬರೆಸಿದ್ದಾರೆ. ನಾನೇ ಬಿಟ್ಟೆ. ಏನು ಬರುತ್ತದೆ ಎಂದು ಕೇಳುವ ಬದಲು ಏನು ಬಂದಿದೆ ಎಂದು ಕೇಳಿದೆ. ಅವರು ತಂದದ್ದನ್ನೆಲ್ಲ ಹೇಳಿದರು."

"ಕಚ್ಚಾ ಕಾಗದ ಎಲ್ಲಿ?"

"ನಮ್ಮ ಅಡುಗೆಮನೆಯಲ್ಲಿದೆ, ಹುಜೂರ್."

ಮೂವತ್ತೈದು ವರ್ಷದ ನೌಕರಿಯಲ್ಲಿ ಸರ್ಕಾರಿ ಕಾಗದ ಎಲ್ಲಿದೆ ಎಂಬ ಪ್ರಶ್ನೆಗೆ ಇಂಥ ಉತ್ತರವನ್ನು ಇನ್ನೊಬ್ಬರು ಕೊಟ್ಟದ್ದು ನಾನು ಕೇಳಿಲ್ಲ.

ಓಡಿದೆ. ಹೆಂಡತಿ ಶಾಂತಾ ಕಾಗದ ಕೊಡಲು ಒಪ್ಪಲೊಲ್ಲಳು. "ಇನ್ನೂ ಮೂರು ತಿಂಗಳದ್ದು ಅದರಾಗ ಅದ. ಒಯ್ದ್ರ ನನ್ನ ಗತಿ ಏನ್ರಿ? ವಾಪಸ್ ತರ್ತೀರೇನು?" ತರುತ್ತೇನೆಂದು ಆಣೆ ಇಟ್ಟು ಕಸಿದುಕೊಂಡು ಬಂದೆ. ಕಾಗದದ ಮೂಲೆಯಲ್ಲಿ ಅರಿಸಿನದ ಬೆರಳಚ್ಚು.

ಸಾಹೇಬರಿಗೆ ಕನ್ನಡ ಓದಲು ಬಾರದು. ಗಟ್ಟಿಯಾಗಿ ಓದಿ ಅರ್ಥ ಹೇಳು ಎಂದರು. ಮುಂದಿನ ಮಗ್ಗುಲು ಓದಿದೆ. ಗಡಿಯಾರ ಬಂತು, ಕೊಡೆ ಬಂತು, ರೂಪಾಯಿ ಬಂತು, ಡಾಬು ಬಂತು. "ತಿರುಗಿಸು" ಎಂದರು. ತಿರುಗಿಸಿ ಅದನ್ನೂ ಓದಿದೆ. ನುಗ್ಗೆಸೊಪ್ಪು, ನೀರಿನ ಕೊಡ, ಕಾಲು ಬಾತರೆ.

"ಇದು ಸರ್ಕಾರದ ಕಾಗದವೋ, ನಿನ್ನ ಮನೆಯದೋ?"

"ಮುಂದಿನ ಮಗ್ಗುಲು ಸರ್ಕಾರದ್ದು, ಹಿಂದಿನದು ಮನೆಯದು, ಹುಜೂರ್."

ಮುನೀರ್ ಸಾಹೇಬರು ಕನ್ನಡಕ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಅವರ ಹೆಗಲು ಅಲುಗುತ್ತಿರುವುದನ್ನು ಕಂಡು ನನಗೆ ಗೊತ್ತಾಯಿತು, ಅವರು ನಗುತ್ತಿದ್ದರು. ನಾನು ಅವರನ್ನು ನಗುತ್ತ ಕಂಡದ್ದು ಅದೇ ಮೊದಲು.

ಅಲ್ಲೇ ಹುಕುಂ ಬರೆಸಿದರು. ತಂದ ಹಣವೆಲ್ಲ ಬರುವ ಮೊದಲು ಗಳಿಸಿದ ಗಂಟು, ತೆರಿಗೆ ಇಲ್ಲ, ನೋಟೀಸು ರದ್ದು. ಬಂದ ಮೇಲೆ ಬ್ಯಾಂಕಿನಲ್ಲಿ ಹುಟ್ಟಿದ ಬಡ್ಡಿ ಮಾತ್ರ ಆಮದನಿ, ಅದು ತೆರಿಗೆಯ ಮಿತಿಯೊಳಗೇ ಇದೆ. ಗುಮಾಸ್ತ ವೈಜಿನಾಥ ಕಚ್ಚಾ ಕಾಗದದ ಮುಂದಿನ ಮಗ್ಗುಲನ್ನು ಕೊಡೆಯನ್ನೂ ಬಿಡದೆ ಉರ್ದುವಿನಲ್ಲಿ ಮತ್ತೆ ಬರೆಯತಕ್ಕದ್ದು. ಕಚ್ಚಾ ಕಾಗದ ಫೈಲಿನಲ್ಲಿರತಕ್ಕದ್ದು. ಹಿಂದಿನ ಮಗ್ಗುಲಿನ ನಕಲನ್ನು ಗುಮಾಸ್ತನ ಹೆಂಡತಿಗೆ ಫೀ ಇಲ್ಲದೆ ಈ ದಿನವೇ ಕೊಡತಕ್ಕದ್ದು. ಕೊನೆಯ ಸಾಲು, ಗುಮಾಸ್ತನ ಕಾಯಂ ಒಂದು ವರ್ಷ ಮುಂದಕ್ಕೆ. ಬಡ್ತಿಯ ಬಗ್ಗೆ ನಾನು ಯಾಕೆ ಹೆಚ್ಚು ಬರೆಯುವುದಿಲ್ಲ ಎಂದು ಈಗ ತಿಳಿಯಿತಲ್ಲ.

ಹೊರಗೆ ಬಂದು ತುಳಜಾಬಾಯಿಯವರ ಕಾಲು ಮುಟ್ಟಲು ಹೋದೆ. ಅವರು ಹಿಂದೆ ಸರಿದು, "ಕಾಲು ಬಾತಾವೇನು ಆಕೀವು, ಅದು ಹೇಳು ಮೊದಲು," ಎಂದರು.

ಅಂದಿನಿಂದ ನಮ್ಮ ಕಚೇರಿಯಲ್ಲಿ ಹೊರಗಿನಿಂದ ಬಂದವರಿಗೆ ಒಂದು ಪ್ರಶ್ನೆಯ ಬದಲು ಎರಡು ಪ್ರಶ್ನೆ ಬಂದವು. "ಬರುವಾಗ ಏನು ತಂದಿರಿ? ಬಂದ ಮೇಲೆ ಏನು ಬರುತ್ತದೆ?" ಎರಡನ್ನೂ ಕನ್ನಡದಲ್ಲೇ ಬರೆದು ಗೋಡೆಗೆ ಅಂಟಿಸಲು ಸಾಹೇಬರು ಒಪ್ಪಿದರು. ಇನ್ನೊಂದು ಪಾಠ ನನಗೆ ನಾನೇ ಹಾಕಿಕೊಂಡೆ. ಯಾರು ಏನು ಹೇಳಿದರೂ, ಎಷ್ಟೇ ಬೇಡದ್ದೆನಿಸಿದರೂ, ಪೂರ್ತಿ ಬರೆದುಕೊಳ್ಳಬೇಕು. ಸಂಬಳ ಕೇಳಿದಾಗ ಯಾರಾದರೂ ಕೊಡೆಯ ಮಾತೆತ್ತಿದರೆ ಅವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ, ನಿಮ್ಮ ಪ್ರಶ್ನೆ ಇನ್ನೊಮ್ಮೆ ನೋಡಿಕೊಳ್ಳಿ.

ಸೋಲಾಪುರದ ತಗಡು ಮೊದಲ ಮಳೆಗೆ ನಾಲ್ಕು ದಿನ ಮೊದಲು ಬಂದು ಬಿತ್ತು. ಅಷ್ಟು ದೊಡ್ಡ ಕಿಟಕಿಯ ಮನೆಗೆ ಹೆರಿಗೆಗೆ ಯಾರು ಹೋಗುತ್ತಾರೆ ಎಂದು ಊರವರು ನೋಡುತ್ತಿದ್ದರು. ಒಂಬತ್ತು ತಿಂಗಳು ತುಂಬುತ್ತಲೇ ಶಾಂತಾಳ ಕಾಲು ಬಾತವು. ಅದೇ ದಿನ, ಬರೆದದ್ದರಂತೆ, ಕಲ್ಯಾಣಿಯಿಂದ ಗಾಡಿ ಕಟ್ಟಿಸಿದೆ. ದಾರಿಯುದ್ದಕ್ಕೂ ಗಾಡಿಯವನಿಗೆ "ಪೋಲೆ ಪೋಲೆ" ಎನ್ನುತ್ತ ಹೋದೆ. ಹೊರಗೆ ಮಳೆ ಹೊಡೆಯುತ್ತಿತ್ತು. ಹಗಲು ಹನ್ನೊಂದರ ಸುಮಾರಿಗೆ ಒಳಗಿನಿಂದ ಅಳು ಕೇಳಿದಾಗ ನಾನು ಆ ತಗಡಿನ ಕೆಳಗೆ ನಿಂತು ಮಗುವಿಗಿಂತ ಜೋರಾಗಿ ಅತ್ತೆ. ಶಾಂತಾ ಹದಿನೈದು ದಿನ ಅಲ್ಲೇ ಉಳಿದಳು. ಮಲಗಿ ಬೇಸರವಾಗಿ ತುಳಜಾಬಾಯಿಗೆ ಕನ್ನಡ ಅಕ್ಷರ ಕಲಿಸಿದಳು.

ಮುಂದಿನ ವರ್ಷ ನಿಯಮದಂತೆ ಹೆರಿಗೆ ಮನೆಯ ಆಮದನಿ ನೋಡಲು ಮುನೀರ್ ಸಾಹೇಬರು ಬಂದರು, ಜೊತೆಗೆ ನಾನು. ನಾರಾಯಣಪುರದ ಒಬ್ಬ ಬಾಣಂತಿ ದೊಡ್ಡ ಕಿಟಕಿಯ ಬೆಳಕಿನಲ್ಲಿ ಕೂತು ಕೂಸಿಗೆ ಹಾಲು ಕೊಡುತ್ತಿದ್ದಳು. ಮೊಂಬಾಸಾದ ಗಡಿಯಾರ ಗೋಡೆಯ ಮೇಲೆ ಟಕಟಕ ಎನ್ನುತ್ತಿ‌ತ್ತು. ತುಳಜಾಬಾಯಿ ಹೆಮ್ಮೆಯಿಂದ ತಮ್ಮ ರಿಜಿಸ್ಟರು ತಂದಿಟ್ಟರು.

"ಎಲ್ಲಾ ಬರ್ದೀನ್ರಿ ಸಾಹೇಬ್ರ. ನಿಮ್ಮ ಕಚೇರಿ ಪದ್ಧತಿ ಪ್ರಕಾರ."

ಸಾಹೇಬರು ನಡುವೆ ಒಂದು ಪುಟ ತೆರೆದು, ಓದು ಎಂದು ನನ್ನ ಕೈಗೆ ಕೊಟ್ಟರು. ಸೊಟ್ಟ ಸೊಟ್ಟ ಅಕ್ಷರದಲ್ಲಿ ಎರಡು ಕಾಲಮು. ಒಂದಕ್ಕೆ 'ಕೊಟ್ಟದ್ದು' ಎಂದು ತಲೆಬರಹ. ಅದರ ಕೆಳಗೆ ಜೋಳ ನಾಲ್ಕು ಸೇರು, ಕುಪ್ಪಸದ ಖಣ ಒಂದು, ಎರಡು ರೂಪಾಯಿ, ಏನೂ ಇಲ್ಲ, ಏನೂ ಇಲ್ಲ, ಕೋಳಿ ಒಂದು. ಇನ್ನೊಂದು ಕಾಲಮಿಗೆ 'ಆಮದನಿ' ಎಂದು ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಆಮದನಿ, ಗಂಡು ಒಂದು. ಆಮದನಿ, ಹೆಣ್ಣು ಒಂದು. ಆಮದನಿ, ಗಂಡು ಒಂದು, ಹೆಣ್ಣು ಒಂದು, ಅವಳಿ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ವೈಜಿನಾಥ, ಈ ಕಾಲಮಿನಲ್ಲಿ ಏನಾದರೂ ತಪ್ಪಿದೆಯೋ?"

"ಇಲ್ಲ, ಹುಜೂರ್."

"ಇದಕ್ಕೆ ತೆರಿಗೆ?"

"ನಮ್ಮ ಕಾಯಿದೆಯಲ್ಲಿ ಇಲ್ಲ, ಹುಜೂರ್."

ಅವರು ಕೆಳಗೆ ಸಹಿ ಹಾಕಿ ರಿಜಿಸ್ಟರನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟರು.

ಆಮೇಲೆ ರಾಜ್ಯ ಬದಲಾಯಿತು, ನಾಣ್ಯ ಬದಲಾಯಿತು, ಕಾಯಿದೆ ಬದಲಾಯಿತು. ತುಳಜಾಬಾಯಿ ಬದುಕಿರುವವರೆಗೂ ಆ ಕಾಲಮಿನ ತಲೆಬರಹ ಬದಲಾಗಲಿಲ್ಲ. ಆ ರಿಜಿಸ್ಟರಿನ ಮೊದಲ ಪುಟದ ಮೊದಲ ಸಾಲು ಮಾತ್ರ ಸೊಟ್ಟ ಅಕ್ಷರದಲ್ಲಿ ಇಲ್ಲ, ನಿನ್ನ ಅಜ್ಜಿಯ ದುಂಡು ಅಕ್ಷರದಲ್ಲಿದೆ. ಗೋಡೆಯ ಗಡಿಯಾರ ನೋಡಿ ಹೊತ್ತು ಕೂಡ ಬರೆದಿದ್ದಾಳೆ. ಆಮದನಿ, ಹೆಣ್ಣು ಒಂದು, ಹನ್ನೊಂದು ಗಂಟೆ ಐದು ನಿಮಿಷ. ಅದು ನಿನ್ನ ಅವ್ವ, ಸುಮಾ.